ಬೇಳೆ ಬೇಯದ ನೀರು: ನಮ್ಮ ನಲ್ಲಿ ನೀರಿನ ಗಡಸುತನದ ಲೆಕ್ಕ

ಗೀಸರ್ ಕಾಯಿಲ್ ಸುಟ್ಟುಹೋದರೆ ಹಾರ್ಡ್ ವಾಟರ್. ತಲೆಗೂದಲು ಉದುರಿದರೆ ಹಾರ್ಡ್ ವಾಟರ್. ಹೊಟ್ಟೆ ಕೆಟ್ಟರೂ ಹಾರ್ಡ್ ವಾಟರ್! ಬೆಂಗಳೂರಿನ ಹೊರವಲಯದ ಪಿಜಿ, ಹಾಸ್ಟೆಲ್, ಬಾಡಿಗೆ ಮನೆಗಳಲ್ಲಿ ಇರುವ ನಾವೆಲ್ಲ ಈ ಒಂದು ಪದದ ತಲೆಗೆ ಎಲ್ಲವನ್ನೂ ಕಟ್ಟಿ ಸುಮ್ಮನಾಗ್ತೇವೆ. ಅಷ್ಟರಲ್ಲಿ ಯಾರೋ ಒಬ್ಬರು ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ತಂದು ಬಕೆಟ್‌ಗೆ ಅದ್ದಿ, ಬಂದ ಸಂಖ್ಯೆಯ ಫೋಟೋ ತೆಗೆದು ಗ್ರೂಪ್‌ಗೆ ಹಾಕ್ತಾರೆ. ಸಂಖ್ಯೆ ದೊಡ್ಡದಿದ್ದರೆ ಎಲ್ಲರಿಗೂ ಭಯ, ಚಿಕ್ಕದಿದ್ದರೆ ಎಲ್ಲರಿಗೂ ಸಮಾಧಾನ.

ಎರಡೂ ತಪ್ಪಾಗಿರಬಹುದು. ನೀರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಮೂರು:

1. ಈ ನೀರು ಗಡಸೇ?
2. ಈ ನೀರಿನಲ್ಲಿ ಒಟ್ಟು ಲವಣ ಎಷ್ಟಿದೆ?
3. ಈ ನೀರು ಕುಡಿಯೋದಕ್ಕೆ ಸುರಕ್ಷಿತವೇ?

ಮೂರಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಪರಿಹಾರ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡೂ ಹೋಗುತ್ತೆ, ಆರೋಗ್ಯವೂ ಹೋಗಬಹುದು. ಖುಷಿಯ ವಿಷಯ ಏನಂದ್ರೆ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲೇ ಮಾಡಿದ್ದೇವೆ. ರೆಕಾರ್ಡ್ ಬರೆದು, ಮಾರ್ಕ್ಸ್ ತಗೊಂಡು, ಅಲ್ಲಿಗೇ ಬಿಟ್ಟಿದ್ದೇವೆ. ಈಗ ಅದನ್ನು ನಮ್ಮ ನಲ್ಲಿಯವರೆಗೆ ತರೋಣ.

ಗಡಸುತನ ಅಂದರೆ ಏನು?

ಕನ್ನಡ ಪಠ್ಯಪುಸ್ತಕಗಳಲ್ಲಿ ಹಾರ್ಡ್ ವಾಟರ್‌ಗೆ ಗಡಸು ನೀರು ಅಂತ ಹೆಸರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅಯಾನುಗಳು ಸೇರಿ ಗಡಸುತನ ಕೊಡುತ್ತವೆ. ಸೋಡಿಯಂ, ಪೊಟ್ಯಾಸಿಯಂ ಇದ್ದರೆ ನೀರು ಉಪ್ಪಾಗಬಹುದು, ಆದರೆ ಗಡಸು ಆಗೋದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಡಸುತನದಲ್ಲಿ ಎರಡು ಬಗೆ. ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಜೊತೆಗೆ ಬೈಕಾರ್ಬೊನೇಟ್ ಇದ್ದರೆ ಅದು ತಾತ್ಕಾಲಿಕ ಗಡಸುತನ. ಕುದಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳದಲ್ಲಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಇದು. ಬೈಕಾರ್ಬೊನೇಟ್ ಬದಲು ಸಲ್ಫೇಟ್, ಕ್ಲೋರೈಡ್ ಇದ್ದರೆ ಅದು ಶಾಶ್ವತ ಗಡಸುತನ. ಎಷ್ಟು ಕುದಿಸಿದರೂ ಹೋಗೋದಿಲ್ಲ.

ಅಳತೆ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ. ನೀರಿನಲ್ಲಿ ನಿಜಕ್ಕೂ ಅಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಅಂತ ಅರ್ಥ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಒಂದು ಸಾಮಾನ್ಯ ನಾಣ್ಯ ಬೇಕು, ಅಷ್ಟೇ. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ 100 ಆಗಿರೋದರಿಂದ ಲೆಕ್ಕವೂ ಸುಲಭ. ವಾಷಿಂಗ್ ಮೆಷಿನ್ ಪುಸ್ತಕ ಅಥವಾ ಟೆಸ್ಟ್ ಸ್ಟ್ರಿಪ್ ಡಬ್ಬಿಯ ಮೇಲೆ ಜರ್ಮನ್ ಡಿಗ್ರಿ ಎಂಬ ಅಳತೆ ಕಂಡರೆ ಗಾಬರಿ ಬೇಡ. ಒಂದು ಜರ್ಮನ್ ಡಿಗ್ರಿ ಅಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ.

ನಮ್ಮ ನಲ್ಲಿಗೆ ಇದು ಬಂದಿದ್ದು ಎಲ್ಲಿಂದ?

ಬೆಂಗಳೂರಿನಲ್ಲಿ ಜನ ನೀರನ್ನು ಎರಡೇ ಜಾತಿಯಾಗಿ ನೋಡ್ತಾರೆ: ಕಾವೇರಿ ನೀರು, ಬೋರ್ ನೀರು. ಈ ಭಾಗ ಮಾಡಿದ್ದರಲ್ಲಿ ಒಳ್ಳೆಯ ವಿಜ್ಞಾನ ಇದೆ.

ಕಾವೇರಿ ನೀರು ಹೊಳೆಯ ನೀರು. ತೊರೆಕಾಡನಹಳ್ಳಿಯಲ್ಲಿ ಶುದ್ಧಿ ಮಾಡಿ, ಹಂತ ಹಂತವಾಗಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಊರಿಗೆ ಎತ್ತಿ ತರುತ್ತಾರೆ. ಮೇಲ್ಮೈಯಲ್ಲಿ ಹರಿದು ಬರುವ ಮಳೆ ನೀರಿನ ಪಾಲು ಇದರಲ್ಲಿ ಹೆಚ್ಚು. ಬಂಡೆಯ ಜೊತೆ ಒಡನಾಟ ಕಡಿಮೆ, ಹಾಗಾಗಿ ಗಡಸುತನವೂ ಬೋರ್ ನೀರಿಗೆ ಹೋಲಿಸಿದರೆ ಕಡಿಮೆ.

ಬೋರ್ ನೀರಿನ ಕಥೆ ಬೇರೆ. ಲಾಲ್‌ಬಾಗ್‌ನ ಬಂಡೆ ಹತ್ತಿದ್ದೀರಲ್ಲ? ಸುಮಾರು 300 ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯ ಬಳಗವೇ ನಮ್ಮೆಲ್ಲರ ಕಾಲ ಕೆಳಗಿದೆ. ಗಟ್ಟಿ ಬಂಡೆ, ನೀರು ಹಿಡಿದಿಡುವ ಜಾಗ ಅದರ ಬಿರುಕುಗಳಲ್ಲಿ ಮಾತ್ರ. ಮಳೆ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯ ಆಗುತ್ತದೆ. ಆ ಆಮ್ಲೀಯ ನೀರು ಬಂಡೆಯ ಖನಿಜಗಳನ್ನು ನಿಧಾನವಾಗಿ ಸವೆಸುತ್ತದೆ. ಫೆಲ್ಡ್‌ಸ್ಪಾರ್‌ನಿಂದ ಕ್ಯಾಲ್ಸಿಯಂ, ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್‌ನಿಂದ ಮೆಗ್ನೀಷಿಯಂ ಬಿಡುಗಡೆಯಾಗಿ, ಜೊತೆಗೆ ಬೈಕಾರ್ಬೊನೇಟ್ ಸೇರಿಕೊಳ್ಳುತ್ತದೆ. ಬಂಡೆಯೊಳಗೆ ನೀರು ಹೆಚ್ಚು ಕಾಲ ಕೂತಷ್ಟೂ ಕರಗುವ ಖನಿಜ ಹೆಚ್ಚು.

ಹೊರವಲಯದಲ್ಲೇ ಈ ಸಮಸ್ಯೆ ಯಾಕೆ ಜೋರು? 2007ರಲ್ಲಿ 110 ಹಳ್ಳಿಗಳು ಬೆಂಗಳೂರು ಪಾಲಿಕೆಯ ಒಳಗೆ ಸೇರಿದವು. ಮಹದೇವಪುರ, ಬೊಮ್ಮನಹಳ್ಳಿ, ಬ್ಯಾಟರಾಯನಪುರದ ಕಡೆಯ ಎಷ್ಟೋ ಬಡಾವಣೆಗಳು ಆ ಹಳ್ಳಿಗಳ ಹೊಲದ ಮೇಲೇ ಎದ್ದವು. ಮನೆ, ಪಿಜಿ, ಅಪಾರ್ಟ್‌ಮೆಂಟ್ ಮೊದಲು ಬಂತು. ಕಾವೇರಿ ಪೈಪು ಆಮೇಲೆ. ನಡುವಿನ ವರ್ಷಗಳನ್ನೆಲ್ಲ ನಡೆಸಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಸಾಲು ಸಾಲು ಬೋರ್‌ಗಳು ಬತ್ತಿದಾಗ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಈ 110 ಹಳ್ಳಿಗಳಿಗಾಗಿಯೇ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ಆದರೆ ಯೋಜನೆ ಉದ್ಘಾಟನೆ ಆಗೋದು ಬೇರೆ, ನಮ್ಮ ಕಟ್ಟಡಕ್ಕೆ ಕನೆಕ್ಷನ್ ತಗೊಳ್ಳೋದು ಬೇರೆ.

ಹಾಗಾಗಿ ನಮ್ಮ ಸಂಪಿನಲ್ಲಿ ಇರೋದು ಮಿಶ್ರಣ. ಸೋಮವಾರ ಕಾವೇರಿ ಬಂದಿರುತ್ತೆ, ಬುಧವಾರ ಬೋರ್, ಶನಿವಾರ ಟ್ಯಾಂಕರ್. ಟ್ಯಾಂಕರಿನವರು ಯಾವ ಬೋರಿಂದ ತುಂಬಿದರು ಅಂತ ಓನರ್‌ಗೂ ಗೊತ್ತಿರೋದಿಲ್ಲ. ಒಂದೇ ನಲ್ಲಿಯ ನೀರು ವಾರದಲ್ಲಿ ಮೂರು ಥರ ಇರಬಹುದು. ಒಂದು ಸಲ ಅಳೆದು ನಮ್ಮ ನೀರು ಹೀಗೇ ಅಂತ ತೀರ್ಮಾನ ಮಾಡೋದು ಅದಕ್ಕೇ ಸರಿಯಲ್ಲ.

ಬೇಳೆ, ಸೋಪು, ಗೀಸರ್

"ಇಲ್ಲಿ ನಿನ್ನ ಬೇಳೆ ಬೇಯಲ್ಲ" ಅಂತ ನಾವು ಬೈದಾಡ್ತೇವೆ. ಆದರೆ ಅಜ್ಜಿಯಂದಿರು ಈ ಮಾತನ್ನು ನೀರಿಗೇ ಹೇಳೋರು: ಈ ಬಾವಿ ನೀರಿಗೆ ಬೇಳೆ ಬೇಯಲ್ಲ, ಆ ಬಾವಿಯದ್ದು ಸಿಹಿನೀರು, ಅದರಲ್ಲಿ ಬೇಗ ಬೇಯುತ್ತೆ. ಇದು ಪಕ್ಕಾ ರಸಾಯನಶಾಸ್ತ್ರ. ಬೇಳೆಯ ಜೀವಕೋಶಗಳನ್ನು ಅಂಟಿಸಿಟ್ಟಿರೋದು ಪೆಕ್ಟಿನ್ ಎಂಬ ವಸ್ತು. ನೀರಿನ ಕ್ಯಾಲ್ಸಿಯಂ ಅದಕ್ಕೆ ಹೋಗಿ ಅಂಟಿಕೊಂಡು ಕ್ಯಾಲ್ಸಿಯಂ ಪೆಕ್ಟೇಟ್ ಆಗುತ್ತದೆ. ಅದು ಸುಲಭಕ್ಕೆ ಕರಗೋದಿಲ್ಲ, ಕೋಶಗಳು ಬಿಡಿಸಿಕೊಳ್ಳೋದಿಲ್ಲ, ಬೇಳೆ ಗಟ್ಟಿಯಾಗೇ ಉಳಿಯುತ್ತೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯೋದೂ ಇದಕ್ಕೇ. ಸೋಡಾದಿಂದ ನೀರು ಕ್ಷಾರೀಯ ಆಗಿ ಪೆಕ್ಟಿನ್ ಸಡಿಲವಾಗುತ್ತದೆ, ಒಂದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಜಾಸ್ತಿ ಹಾಕಿದರೆ ಮಾತ್ರ ಬಿ1 ವಿಟಮಿನ್ ಹಾಳಾಗುತ್ತದೆ.

ಸೋಪಿನ ಲೆಕ್ಕ ಇನ್ನೂ ಮಜಾ ಇದೆ. ಸೋಪು ಅಂದರೆ ಸೋಡಿಯಂ ಸ್ಟಿಯರೇಟ್ ಅಂದುಕೊಳ್ಳೋಣ, ಅಣುತೂಕ ಸುಮಾರು 306. ಒಂದು ಕ್ಯಾಲ್ಸಿಯಂ ಅಯಾನು ಎರಡು ಸ್ಟಿಯರೇಟನ್ನು ಹಿಡಿದುಕೊಂಡು, ಕರಗದ ಬಿಳಿ ಜಿಡ್ಡಾಗುತ್ತದೆ. ಈಗ 20 ಲೀಟರಿನ ಒಂದು ಬಕೆಟ್, ಗಡಸುತನ ಲೀಟರಿಗೆ 400 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಒಟ್ಟು 8 ಗ್ರಾಂ, ಅಂದರೆ 0.08 ಮೋಲ್. ಅದಕ್ಕೆ ಬೇಕಾದ ಸೋಪು 0.16 ಮೋಲ್, ಅಂದರೆ ಸುಮಾರು 49 ಗ್ರಾಂ. ಆ ಇಡೀ ಬಕೆಟ್ ನೀರಿನ ಗಡಸುತನವನ್ನೆಲ್ಲ ಸೋಪಿನಿಂದಲೇ ಕಳೆಯಲು ಹೊರಟರೆ, 100 ಗ್ರಾಂ ಸೋಪಿನಲ್ಲಿ ಹತ್ತಿರ ಹತ್ತಿರ ಅರ್ಧ, ನೊರೆ ಬರೋ ಮೊದಲೇ ಖಾಲಿ! ಬಟ್ಟೆಯ ಡಿಟರ್ಜೆಂಟ್ ಪುಡಿಗೆ ಈ ತೊಂದರೆ ಕಡಿಮೆ. ಅದರ ಕ್ಯಾಲ್ಸಿಯಂ ಲವಣಗಳು ಸೋಪಿನದರಷ್ಟು ಸುಲಭವಾಗಿ ಗಟ್ಟಿಯಾಗಿ ಕೂರೋದಿಲ್ಲ, ಮೇಲಾಗಿ ಪುಡಿಯಲ್ಲಿ ನೀರನ್ನು ಮೆದು ಮಾಡುವ ವಸ್ತುಗಳನ್ನೂ ಸೇರಿಸಿರುತ್ತಾರೆ.

ಇನ್ನು ಗೀಸರ್. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಅದು ಕೂರೋದು ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲ್ ಮೇಲೇ. ಪಿಜಿಯ ಒಂದು ಗೀಸರ್‌ನಲ್ಲಿ ದಿನಕ್ಕೆ 100 ಲೀಟರ್ ನೀರು ಕಾಯುತ್ತೆ, ಗಡಸುತನ 400 ಅಂತಿಟ್ಟುಕೊಂಡರೆ ದಿನಕ್ಕೆ 40 ಗ್ರಾಂ ಒಳಗೆ ಹೋಗುತ್ತದೆ. ಅದರಲ್ಲಿ ಶೇಕಡಾ 5 ಮಾತ್ರ ಒಳಗೆ ಉಳಿಯಿತು ಅಂದರೂ ದಿನಕ್ಕೆ 2 ಗ್ರಾಂ, ವರ್ಷಕ್ಕೆ 730 ಗ್ರಾಂ ಕಲ್ಲು.

ಇಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಗೆಳೆಯರಿಗೆ ಒಂದು ಸೂಕ್ಷ್ಮ. ಕಲ್ಲು ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತೆ ಅಂತ ಹೇಳ್ತಾರೆ. ನೀರಿನೊಳಗೇ ಮುಳುಗಿರುವ ಕಾಯಿಲ್‌ನಿಂದ ಹುಟ್ಟಿದ ಶಾಖ ಬೇರೆಲ್ಲಿಗೂ ಹೋಗುವಂತಿಲ್ಲ, ಕೊನೆಗೆ ನೀರಿಗೇ ಬರಬೇಕು. ನಿಜವಾದ ತೊಂದರೆ ಏನಂದ್ರೆ, ಅಷ್ಟೇ ವ್ಯಾಟ್ ಶಾಖ ಆ ಕಲ್ಲಿನ ಪದರ ದಾಟಬೇಕಾದರೆ ಕಾಯಿಲ್ ಇನ್ನಷ್ಟು ಬಿಸಿಯಾಗಲೇಬೇಕು. ತಾಮ್ರದ ಉಷ್ಣವಾಹಕತೆ 400ರ ಆಸುಪಾಸು, ಈ ಕಲ್ಲಿನದು ಒಂದೆರಡು ಅಷ್ಟೇ. ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತೆ. ಗ್ಯಾಸ್ ಗೀಸರ್, ಬಾಯ್ಲರ್‌ಗಳಲ್ಲಿ ಮಾತ್ರ ದಾಟಲಾಗದ ಶಾಖ ಹೊಗೆಯ ಜೊತೆ ಹೊರಟುಹೋಗುತ್ತದೆ, ಅಲ್ಲಿ ಇಂಧನವೂ ನಷ್ಟ.

ಷವರ್, ನಲ್ಲಿ, ಕೆಟಲ್‌ಗೆ ಕಟ್ಟಿದ ಬಿಳಿ ಪದರಕ್ಕೆ ನಿಂಬೆರಸ ಅಥವಾ ವಿನೆಗರ್ ಸಾಕು. ಗುಳ್ಳೆ ಏಳುತ್ತಲ್ಲ, ಅದು ಹೊರಗೆ ಬರುತ್ತಿರುವ ಕಾರ್ಬನ್ ಡೈಆಕ್ಸೈಡ್.

ಅಳೆಯೋದು ಹೇಗೆ?

ಮನೆಯಲ್ಲೇ ಒಂದು ಅಂದಾಜು ಪರೀಕ್ಷೆ: ಮೂರು ಒಂದೇ ಥರದ ಬಾಟಲಿ ತಗೊಳ್ಳಿ. ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ಆರ್‌ಓ ನೀರು ಅಥವಾ ಮಳೆ ನೀರು, ಇನ್ನೊಂದರಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ತಿಳಿಯಾಗಿ ಬಗ್ಗಿಸಿಕೊಂಡ ನಲ್ಲಿ ನೀರು. ಮೂರೂ ಸಮ ಅಳತೆ. ಸೋಪನ್ನು ತುರಿದು ಸ್ವಲ್ಪ ಆರ್‌ಓ ನೀರಿನಲ್ಲಿ ಕರಗಿಸಿ, ಪ್ರತಿ ಬಾಟಲಿಗೂ ಐದೈದು ಹನಿ ಹಾಕುತ್ತಾ ಅಲ್ಲಾಡಿಸಿ. ನೊರೆ ನಿಲ್ಲಲು ಎಷ್ಟು ಹನಿ ಬೇಕಾಯ್ತು ಅಂತ ಎಣಿಸಿ. ಕುದಿಸಿದ ನೀರಿಗೆ ನಲ್ಲಿ ನೀರಿಗಿಂತ ಕಡಿಮೆ ಹನಿ ಸಾಕಾದರೆ, ಆ ವ್ಯತ್ಯಾಸವೇ ತಾತ್ಕಾಲಿಕ ಗಡಸುತನ. ಬಟ್ಟೆ ಒಗೆಯುವ ಪುಡಿ ಬಳಸಬೇಡಿ, ಕಾರಣ ಮೇಲೆ ಹೇಳಿದ್ದೇವೆ.

ನಿಖರ ಸಂಖ್ಯೆ ಬೇಕಾದರೆ ಇಡಿಟಿಎ ಟೈಟ್ರೇಷನ್. ಸ್ವಿಟ್ಜರ್‌ಲೆಂಡಿನ ಗೆರೋಲ್ಡ್ ಶ್ವಾರ್ಜನ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞ 1940ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ನೆನಪು ಮಾಡಿಕೊಳ್ಳೋಣ:

1. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಲು ಬಿಟ್ಟು, ಸ್ವಚ್ಛ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿಸಿ.
2. 50 ಮಿಲಿಲೀಟರ್ ನೀರನ್ನು ಪಿಪೆಟ್‌ನಿಂದ ಕೋನಿಕಲ್ ಫ್ಲಾಸ್ಕಿಗೆ ಹಾಕಿ.
3. ಅಮೋನಿಯಾ ಬಫರ್ ಹಾಕಿ, ಪಿಎಚ್ 10ರ ಹತ್ತಿರ ಇರಬೇಕು.
4. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಚಿಟಿಕೆಯಷ್ಟು. ದ್ರಾವಣ ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ.
5. 0.01 ಮೋಲಾರ್ ಇಡಿಟಿಎಯನ್ನು ಬ್ಯುರೆಟ್‌ನಿಂದ ಬಿಡುತ್ತಾ ಹೋಗಿ. ಕೆಂಪು ಪೂರ್ತಿ ಹೋಗಿ ಅಚ್ಚ ನೀಲಿ ಬಂದಾಗ ನಿಲ್ಲಿಸಿ.

ಬಣ್ಣ ಬದಲಾಗೋದು ಯಾಕೆ? ಇಂಡಿಕೇಟರ್ ಮೊದಲು ಲೋಹದ ಅಯಾನನ್ನು ಹಿಡಿದುಕೊಂಡು ಕೆಂಪಾಗಿರುತ್ತದೆ. ಇಡಿಟಿಎಯ ಹಿಡಿತ ಅದಕ್ಕಿಂತ ಬಿಗಿ. ನೀರಿನಲ್ಲಿರುವ ಅಯಾನುಗಳನ್ನೆಲ್ಲ ಹಿಡಿದ ಮೇಲೆ, ಕೊನೆಯಲ್ಲಿ ಇಂಡಿಕೇಟರ್ ಕೈಯಿಂದಲೂ ಕಿತ್ತುಕೊಳ್ಳುತ್ತದೆ. ಒಂಟಿಯಾದ ಇಂಡಿಕೇಟರ್ ನೀಲಿ.

ಲೆಕ್ಕ: 0.01 ಮೋಲಾರ್ ಇಡಿಟಿಎ 1 ಮಿಲಿಲೀಟರ್ ಅಂದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ನೀರು 50 ಮಿಲಿಲೀಟರ್ ಇರೋದರಿಂದ ಬ್ಯುರೆಟ್ ರೀಡಿಂಗನ್ನು 20ರಿಂದ ಗುಣಿಸಿದರೆ ಸಾಕು. ರೀಡಿಂಗ್ 19.6 ಬಂತು ಅಂದುಕೊಳ್ಳಿ, ಒಟ್ಟು ಗಡಸುತನ ಲೀಟರಿಗೆ 392 ಮಿಲಿಗ್ರಾಂ. ಅದೇ ನೀರನ್ನು ಚೆನ್ನಾಗಿ ಕುದಿಸಿ, ಸೋಸಿ, ಮೊದಲಿನ ಅಳತೆಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಟೈಟ್ರೇಟ್ ಮಾಡಿದಾಗ 8.1 ಬಂದರೆ, ಶಾಶ್ವತ ಗಡಸುತನ 162. ಉಳಿದ 230 ತಾತ್ಕಾಲಿಕ.

ಲ್ಯಾಬ್ ರಿಪೋರ್ಟ್ ಕೈಯಲ್ಲಿದ್ದರೆ ಎರಡನೇ ಟೈಟ್ರೇಷನ್ ಕೂಡ ಬೇಡ. ಟೋಟಲ್ ಆಲ್ಕಲಿನಿಟಿ ಎಂಬ ಸಾಲನ್ನು ನೋಡಿ. ಅದು ಗಡಸುತನದಷ್ಟೇ ಅಥವಾ ಹೆಚ್ಚಿದ್ದರೆ ಗಡಸುತನವೆಲ್ಲ ತಾತ್ಕಾಲಿಕ. ಕಡಿಮೆ ಇದ್ದರೆ, ಆಲ್ಕಲಿನಿಟಿ ಎಷ್ಟಿದೆಯೋ ಅಷ್ಟು ತಾತ್ಕಾಲಿಕ, ಮಿಕ್ಕಿದ್ದು ಶಾಶ್ವತ.

ಟಿಡಿಎಸ್ ಮೀಟರ್ ಏನು ಹೇಳುತ್ತೆ, ಏನು ಹೇಳಲ್ಲ

ಟಿಡಿಎಸ್ ಮೀಟರ್ ಲವಣವನ್ನು ತೂಗೋದಿಲ್ಲ. ಎರಡು ಎಲೆಕ್ಟ್ರೋಡ್ ನಡುವೆ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ನೋಡಿ, ಆ ವಾಹಕತೆಯನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಯಾವ ಅಯಾನು ಅಂತ ಅದಕ್ಕೆ ಗೊತ್ತಿಲ್ಲ. ವಿದ್ಯುತ್ತಿಗೆ ಸಂಬಂಧವೇ ಇಲ್ಲದ ವಸ್ತುಗಳು ಅದಕ್ಕೆ ಕಾಣೋದೇ ಇಲ್ಲ.

ಮೂರು ಲೋಟ ಊಹಿಸಿಕೊಳ್ಳಿ. ಮೊದಲನೆಯದು, ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಅರ್ಧ ಗ್ರಾಂ ಉಪ್ಪು ಹಾಕಿದ ನೀರು: ಟಿಡಿಎಸ್ 500ರ ಹತ್ತಿರ, ಗಡಸುತನ ಸೊನ್ನೆ. ಎರಡನೆಯದು, ಕಾಯಿಲೆ ತರುವ ಏನೂ ಇಲ್ಲದ ಬೋರ್ ನೀರು: ಟಿಡಿಎಸ್ 500, ಗಡಸುತನ 350. ಮೂರನೆಯದು, ತಾರಸಿಯಲ್ಲಿ ಹಿಡಿದ ಮಳೆ ನೀರಿಗೆ ಒಂದೆರಡು ಹನಿ ಚರಂಡಿ ನೀರು ಬಿದ್ದದ್ದು: ಟಿಡಿಎಸ್ 40. ಮೀಟರ್ ಹಿಡಿದುಕೊಂಡು ಆರಿಸಿದರೆ ನಾವು ಮೂರನೆಯದನ್ನೇ ಕುಡೀತೇವೆ, ಮೂರರಲ್ಲಿ ಆಸ್ಪತ್ರೆಗೆ ಸೇರಿಸಬಲ್ಲದ್ದು ಅದೊಂದೇ.

ಇನ್ನೊಂದು ತಮಾಷೆ. ಸಾಫ್ಟ್‌ನರ್ ಹಾಕಿಸಿದ ಮೇಲೂ ಟಿಡಿಎಸ್ ಇಳಿದಿಲ್ಲ, ಮೋಸ ಆಯ್ತು ಅಂತ ಕೆಲವರು ಜಗಳ ಮಾಡ್ತಾರೆ. ಸಾಫ್ಟ್‌ನರ್‌ನ ರೆಸಿನ್ ಒಂದು ಕ್ಯಾಲ್ಸಿಯಂ ತಗೊಂಡು ಎರಡು ಸೋಡಿಯಂ ಕೊಡುತ್ತದೆ. ಅಂದರೆ 40 ತೂಕ ಹೋಗಿ 46 ತೂಕ ಬರುತ್ತದೆ. 400ರ ಗಡಸುತನ ಪೂರ್ತಿ ಕ್ಯಾಲ್ಸಿಯಂನದ್ದೇ ಆಗಿದ್ದರೆ, ಲೀಟರಿಗೆ 160 ಮಿಲಿಗ್ರಾಂ ಹೋಗಿ 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಟಿಡಿಎಸ್ ಇಳಿಯೋದಿರಲಿ, ತುಸು ಏರುತ್ತೆ. ಸಾಫ್ಟ್‌ನರ್ ಕೆಲಸ ಮಾಡ್ತಿದೆಯಾ ಅಂತ ನೋಡಬೇಕಾದರೆ ಗಡಸುತನವನ್ನೇ ಅಳೆಯಬೇಕು.

ಮಿತಿ ಎಷ್ಟು?

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500, 2012ರ ಆವೃತ್ತಿ. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಒಪ್ಪಬಹುದಾದ ಮಿತಿ. ಎರಡನೆಯದು, ಬೇರೆ ನೀರೇ ಸಿಗದಿದ್ದಾಗ ಸಹಿಸಬಹುದಾದ ಮಿತಿ. ಲೀಟರಿಗೆ ಮಿಲಿಗ್ರಾಂಗಳಲ್ಲಿ:

- ಒಟ್ಟು ಗಡಸುತನ: 200, ಬೇರೆ ಮೂಲ ಇಲ್ಲದಿದ್ದರೆ 600
- ಟಿಡಿಎಸ್: 500, ಬೇರೆ ಮೂಲ ಇಲ್ಲದಿದ್ದರೆ 2000
- ಫ್ಲೋರೈಡ್: 1.0, ಬೇರೆ ಮೂಲ ಇಲ್ಲದಿದ್ದರೆ 1.5
- ನೈಟ್ರೇಟ್: 45, ವಿನಾಯಿತಿ ಇಲ್ಲ
- ಇ. ಕೋಲಿ: 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಗಡಸುತನಕ್ಕೆ ಮೂರು ಪಟ್ಟು ಸಡಿಲ ಕೊಟ್ಟಿದ್ದಾರೆ, ಟಿಡಿಎಸ್‌ಗೆ ನಾಲ್ಕು ಪಟ್ಟು. ನೈಟ್ರೇಟ್‌ಗೆ, ಇ. ಕೋಲಿಗೆ ಒಂದಿಷ್ಟೂ ಇಲ್ಲ. ನಾವು ಹೆದರುವ ಕ್ರಮವೂ ಇದೇ ಆಗಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ದೇಹಕ್ಕೆ ಬೇಕಾದವೇ. ಗಡಸು ನೀರಲ್ಲಿ ಕೂದಲು ಒರಟಾಗೋದು, ಚರ್ಮ ಒಣಗೋದು ಹೌದು. ಕೂದಲು ಬುಡದಿಂದ ಉದುರೋದಕ್ಕೆ ಕಾರಣ ಹುಡುಕೋರು ನಿದ್ದೆ, ಊಟ, ಜ್ವರ, ಕಬ್ಬಿಣಾಂಶ ಎಲ್ಲವನ್ನೂ ನೋಡಬೇಕು. ನಲ್ಲಿಯೊಂದನ್ನೇ ಬೈದು ಡಾಕ್ಟರ ಹತ್ತಿರ ಹೋಗದೇ ಇರೋದು ಸರಿಯಲ್ಲ.

ನೈಟ್ರೇಟ್ ಬೇರೆ ಥರದ ಸುದ್ದಿ. ಈ ಬಂಡೆಗಳಿಂದ ಅದು ಬರೋದು ತೀರಾ ಕಡಿಮೆ. ಬೋರ್ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ ಅಂದರೆ ಶೌಚದ ಗುಂಡಿ, ಒಡೆದ ಒಳಚರಂಡಿ ಅಥವಾ ಗೊಬ್ಬರ ಎಲ್ಲೋ ಅಂತರ್ಜಲಕ್ಕೆ ಸೇರುತ್ತಿದೆ ಅಂತ ಅನುಮಾನ ಪಡಬೇಕು. ಹಸುಗೂಸುಗಳಲ್ಲಿ ಇದು ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಫ್ಲೋರೈಡ್ ಬಂಡೆಯಿಂದಲೇ ಬರುತ್ತದೆ. ಪಕ್ಕದ ಕೋಲಾರ, ಚಿಕ್ಕಬಳ್ಳಾಪುರದ ಜನ ಇದರ ಕಷ್ಟವನ್ನು ಹಲ್ಲು ಮೂಳೆಗಳಲ್ಲಿ ಅನುಭವಿಸಿದ್ದಾರೆ. ಇವೆರಡೂ ಕುದಿಸಿದರೆ ಹೋಗೋದಿಲ್ಲ. ನೀರು ಆವಿಯಾಗೋದರಿಂದ ಸಾಂದ್ರತೆ ಇನ್ನೂ ಸ್ವಲ್ಪ ಏರುತ್ತೆ!

ಯಾವುದಕ್ಕೆ ಯಾವ ಮದ್ದು

ಕುದಿಸೋದು: ರೋಗಾಣು ಸಾಯುತ್ತವೆ, ತಾತ್ಕಾಲಿಕ ಗಡಸುತನ ಹೋಗುತ್ತೆ. ಶಾಶ್ವತ ಗಡಸುತನ, ನೈಟ್ರೇಟ್, ಫ್ಲೋರೈಡ್ ಹಾಗೇ ಇರುತ್ತವೆ.

ಯುವಿ ಫಿಲ್ಟರ್: ರೋಗಾಣುಗಳಿಗೆ ಮಾತ್ರ. ನೀರು ತಿಳಿಯಾಗಿರಬೇಕು. ಗಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾವೇರಿ ನೀರು ಮಾತ್ರ ಬರುವ ಮನೆಗೆ ಸಾಮಾನ್ಯವಾಗಿ ಇದು ಸಾಕು.

ಕ್ಲೋರಿನ್: ಸಂಪು, ಟ್ಯಾಂಕಿಗೆ ಸರಿಯಾದ ಅಳತೆಯಲ್ಲಿ. ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ಮಾನದಂಡ ಹೇಳುತ್ತದೆ. ಹಾಗೆ ಉಳಿದರೆ ದಾರಿಯಲ್ಲಿ ಸೇರುವ ಬ್ಯಾಕ್ಟೀರಿಯಾಗೂ ಉತ್ತರ ಸಿಗುತ್ತೆ.

ಸಾಫ್ಟ್‌ನರ್: ಸ್ನಾನ, ಬಟ್ಟೆ, ಗೀಸರ್‌ಗೆ ಒಳ್ಳೆಯದು. ರೋಗಾಣು ಕೊಲ್ಲೋದಿಲ್ಲ. ರೆಸಿನ್ ತೊಳೆಯಲು ಉಪ್ಪು ನೀರು ಬೇಕು, ಆ ಉಪ್ಪೆಲ್ಲ ಕೊನೆಗೆ ಚರಂಡಿಗೆ. ಸೋಡಿಯಂ ಏರುವುದರಿಂದ ಕುಡಿಯೋಕೆ, ಅದರಲ್ಲೂ ಬಿಪಿ ಇರುವವರಿಗೆ, ಬೇರೆ ನಲ್ಲಿ ಇಡೋದು ಒಳ್ಳೇದು.

ಆರ್‌ಓ: ಗಡಸುತನ, ಲವಣ, ನೈಟ್ರೇಟ್, ಫ್ಲೋರೈಡ್ ಎಲ್ಲವನ್ನೂ ಬಹುಪಾಲು ತೆಗೆಯುತ್ತದೆ. ಆದರೆ ಮನೆ ಬಳಕೆಯ ಎಷ್ಟೋ ಮೆಷಿನ್‌ಗಳು ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕು ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸೂಚಿಸಿದ್ದೂ ಇದಕ್ಕೇ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಲ್ಲಿ ಇದು ಸಣ್ಣ ಮಾತಲ್ಲ. ಬೇಕಾದ ಕಡೆ ಹಾಕೋಣ, ಹಾಕಿದರೆ ಹೊರಬರುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋದಕ್ಕೆ, ಟಾಯ್ಲೆಟ್‌ಗೆ ಬಳಸೋಣ.

ಮಳೆ ನೀರು: ಸಿಗುವ ನೀರಿನಲ್ಲೆಲ್ಲ ಮೆದು. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚೂಕಡಿಮೆ 970 ಮಿಲಿಮೀಟರ್ ಮಳೆ. 30x40 ಸೈಟಿನಷ್ಟು ತಾರಸಿ ಅಂದರೆ 111 ಚದರ ಮೀಟರ್. ಶೇಕಡಾ 80 ಹಿಡಿದರೂ ವರ್ಷಕ್ಕೆ ಸುಮಾರು 86,000 ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಸೋಸಿ ಸಂಪಿಗೆ ಸೇರಿಸಿದರೆ ಸಾಫ್ಟ್‌ನರ್‌ನ ಅರ್ಧ ಕೆಲಸ ಪುಕ್ಕಟೆ. 400ರ ಬೋರ್ ನೀರಿಗೆ ಅಷ್ಟೇ ಮಳೆ ನೀರು ಸೇರಿದರೆ ಗಡಸುತನ 200ರ ಹತ್ತಿರ ಬರುತ್ತದೆ.

ಓನರ್ ಅಂಕಲ್ ಹತ್ತಿರ ಆರ್‌ಓ ಹಾಕ್ಸಿ ಅಂತ ಕೇಳೋ ಮೊದಲು ನಾವು ಕೇಳಬೇಕಾದ್ದು ನಾಲ್ಕು ಪ್ರಶ್ನೆ. ಸಂಪು, ಟ್ಯಾಂಕ್ ಕೊನೆಯ ಸಲ ತೊಳೆದಿದ್ದು ಯಾವಾಗ? ಸಂಪಿಗೂ ಚರಂಡಿ ಲೈನಿಗೂ ಎಷ್ಟು ದೂರ? ಟ್ಯಾಂಕರ್ ನೀರು ಯಾವ ಬೋರಿನದು? ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿದ್ದೀರಾ? ಈ ಎರಡನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಮಾಡಿಸಬೇಕು, ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು. ರೂಮಿಗೆ ಹತ್ತು ಜನ ಹಂಚಿಕೊಂಡರೆ ದೊಡ್ಡ ಖರ್ಚೇನಲ್ಲ.

ನೀವೇ ಮಾಡಿ ನೋಡಿ

1. 50 ಮಿಲಿಲೀಟರ್ ನೀರಿಗೆ 0.01 ಮೋಲಾರ್ ಇಡಿಟಿಎ 12.5 ಮಿಲಿಲೀಟರ್ ಬೇಕಾಯ್ತು. ಗಡಸುತನ ಎಷ್ಟು? ಒಪ್ಪಬಹುದಾದ ಮಿತಿಯ ಒಳಗಿದೆಯೇ?

2. ಒಂದು ರಿಪೋರ್ಟಿನಲ್ಲಿ ಒಟ್ಟು ಗಡಸುತನ 420, ಆಲ್ಕಲಿನಿಟಿ 300. ಚೆನ್ನಾಗಿ ಕುದಿಸಿದ ಮೇಲೆ ಉಳಿಯುವ ಗಡಸುತನ ಸುಮಾರು ಎಷ್ಟು?

3. ಸಂಪಿನಲ್ಲಿ 4000 ಲೀಟರ್ ಟ್ಯಾಂಕರ್ ನೀರು, ಗಡಸುತನ 500. ಅದಕ್ಕೆ 6000 ಲೀಟರ್ ಕಾವೇರಿ ನೀರು ಸೇರಿತು, ಅದರ ಗಡಸುತನ 100 ಅಂತಿಟ್ಟುಕೊಳ್ಳಿ. ಮಿಶ್ರಣದ ಗಡಸುತನ ಎಷ್ಟು?

4. ನೀರು ಅ: ಟಿಡಿಎಸ್ 900, ಗಡಸುತನ 450, ನೈಟ್ರೇಟ್ 20, ಇ. ಕೋಲಿ ಇಲ್ಲ. ನೀರು ಆ: ಟಿಡಿಎಸ್ 150, ಗಡಸುತನ 80, ನೈಟ್ರೇಟ್ 10, ಇ. ಕೋಲಿ ಇದೆ. ಇವತ್ತು ಬೇರೆ ನೀರಿಲ್ಲ, ಕುದಿಸೋಕೆ ಗ್ಯಾಸೂ ಇಲ್ಲ. ಯಾವುದನ್ನು ಕುಡೀತೀರಿ?

ಉತ್ತರ: 1) 250, ಇಲ್ಲ, 200 ದಾಟಿದೆ, 600ರ ಒಳಗಿದೆ. 2) 120. 3) 260. 4) ನೀರು ಅ. ರುಚಿ ಚೆನ್ನಾಗಿರೋದಿಲ್ಲ, ಬೇಳೆಯೂ ಬೇಯೋದಿಲ್ಲ. ಆದರೆ ನಾಳೆ ಕ್ಲಾಸಿಗೆ ಬರ್ತೀರಿ.